ಖಿನ್ನತೆ: ಮದ್ದೂ ಬೇಕು, ದಿನಚರಿಯೂ ಬೇಕು

1952. ನ್ಯೂಯಾರ್ಕ್ ನಗರದ ಸೀ ವ್ಯೂ ಆಸ್ಪತ್ರೆ. ಅಲ್ಲಿನ ಕ್ಷಯರೋಗಿಗಳಿಗೆ ಐಪ್ರೊನಿಯಾಜಿಡ್ ಎಂಬ ಹೊಸ ಔಷಧಿ ಕೊಟ್ಟು ಪರೀಕ್ಷಿಸುತ್ತಿದ್ದ ವೈದ್ಯರಿಗೆ ವಿಚಿತ್ರವೊಂದು ಕಂಡಿತು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡತೊಡಗಿದರು. ಹಸಿವು ಹೆಚ್ಚಿತು, ಮಾತು, ನಗು ಮರಳಿದವು. ಶ್ವಾಸಕೋಶಕ್ಕೆಂದು ತಯಾರಾದ ಮದ್ದು ಮನಸ್ಸನ್ನೂ ಮುಟ್ಟಿತ್ತು!

1957ರಲ್ಲಿ ಅಮೆರಿಕದ ಮನೋವೈದ್ಯ ನೇಥನ್ ಕ್ಲೈನ್ ಇದೇ ಔಷಧಿಯನ್ನು ಖಿನ್ನತೆಯ ರೋಗಿಗಳಿಗೆ ಕೊಟ್ಟು ಅದರ ಪರಿಣಾಮವನ್ನು ವರದಿ ಮಾಡಿದರು. ಅದೇ ವರ್ಷ ಸ್ವಿಟ್ಜರ್‌ಲೆಂಡಿನ ರೋಲಾಂಡ್ ಕುನ್ ಇಮಿಪ್ರಮಿನ್ ಎಂಬ ಮತ್ತೊಂದು ಔಷಧಿಯ ಗುಣವನ್ನು ಪ್ರಕಟಿಸಿದರು. ಯಕೃತ್ತಿಗೆ ಹಾನಿಯಾಗುವುದೆಂದು ತಿಳಿದ ಮೇಲೆ ಐಪ್ರೊನಿಯಾಜಿಡ್ ಹಿಂದೆ ಸರಿಯಿತು. ಆದರೆ ಅದು ಕಲಿಸಿದ ಪಾಠ ಉಳಿಯಿತು. ಖಿನ್ನತೆ ಸೋಮಾರಿತನವಲ್ಲ, ಸ್ವಭಾವದ ದೋಷವೂ ಅಲ್ಲ. ಚಿಕಿತ್ಸೆಗೆ ಬಗ್ಗುವ ಕಾಯಿಲೆ.

ಬೇಸರವೇ ಬೇರೆ

ಬೆಳೆ ಹೋದಾಗ, ಮಗ ಪರೀಕ್ಷೆಯಲ್ಲಿ ನಪಾಸಾದಾಗ, ಆಪ್ತರು ತೀರಿಕೊಂಡಾಗ ದುಃಖವಾಗುವುದು ಸಹಜ. ದಿನ ಕಳೆದಂತೆ ಅದು ಇಳಿಯುತ್ತದೆ. ಖಿನ್ನತೆ ಹಾಗಲ್ಲ. ಎರಡು ವಾರಕ್ಕೂ ಮಿಕ್ಕಿ, ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಹಿಂದೆ ಇಷ್ಟವಾಗುತ್ತಿದ್ದ ಯಾವುದೂ ರುಚಿಸದಿರುವುದು ಇದರ ಮುಖ್ಯ ಲಕ್ಷಣ. ಜೊತೆಗೆ ನಿದ್ರೆ, ಹಸಿವು ಏರುಪೇರಾಗುತ್ತವೆ. ತಾನು ಯಾರಿಗೂ ಬೇಡದವನು ಎನಿಸುತ್ತದೆ. ಸಾವಿನ ಯೋಚನೆಯೂ ಸುಳಿಯಬಹುದು.

ನಮ್ಮ ಕಡೆ ಎಷ್ಟೋ ಮಂದಿ ಇದನ್ನು ಮನಸ್ಸಿನ ಮಾತಿನಲ್ಲಿ ಹೇಳುವುದೇ ಇಲ್ಲ. ತಲೆನೋವು, ಮೈಕೈ ನೋವು, ಸುಸ್ತು ಎನ್ನುತ್ತಾರೆ. ನೋವಿನ ಮಾತ್ರೆ, ಟಾನಿಕ್, ಕೊನೆಗೆ ದೃಷ್ಟಿ ತೆಗೆಸುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಜೀವನದ ಯಾವುದಾದರೊಂದು ಹಂತದಲ್ಲಿ ಖಿನ್ನತೆಗೆ ಒಳಗಾಗಿದ್ದರು. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ತೊಂದರೆಗಳಿದ್ದ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ವೈದ್ಯರ ಬಳಿ ಹೋದರೆ ಮೊದಲು ರಕ್ತ ಪರೀಕ್ಷೆ ಮಾಡಿಸಲು ಹೇಳಬಹುದು. ಥೈರಾಯ್ಡ್ ಗ್ರಂಥಿ ಮಂದವಾಗಿದ್ದರೆ, ರಕ್ತಹೀನತೆ ಅಥವಾ ಬಿ12 ಜೀವಸತ್ವದ ಕೊರತೆಯಿದ್ದರೆ ಇಂಥವೇ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಅವಕ್ಕೆ ಚಿಕಿತ್ಸೆಯೇ ಬೇರೆ.

ಮಾತ್ರೆಯ ಲೆಕ್ಕಾಚಾರ

ಮಿದುಳಿನ ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿಲ್ಲ; ನಡುವೆ ಅತಿ ಸೂಕ್ಷ್ಮವಾದ ಅಂತರವಿದೆ. ಸೆರೊಟೋನಿನ್‌ನಂಥ ರಾಸಾಯನಿಕಗಳು ಈ ಅಂತರವನ್ನು ದಾಟಿ ಸಂದೇಶ ಮುಟ್ಟಿಸುತ್ತವೆ. ಅಮೆರಿಕದಲ್ಲಿ 1987ರಲ್ಲಿ ಮಂಜೂರಾದ ಫ್ಲುಒಕ್ಸೆಟಿನ್ ಮತ್ತು ಅದರ ಜಾತಿಯ ಮಾತ್ರೆಗಳು ಸೆರೊಟೋನಿನ್ ಬೇಗ ಹಿಂದಿರುಗದಂತೆ ತಡೆಯುತ್ತವೆ. ಹಾಗೆಂದು ಸೆರೊಟೋನಿನ್ ಕಡಿಮೆಯಾದದ್ದೇ ಖಿನ್ನತೆಗೆ ಕಾರಣ ಎನ್ನುವಂತಿಲ್ಲ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಈ ತಡೆ ಆರಂಭವಾದರೂ ಮನಸ್ಸು ಹಗುರಾಗಲು ಎರಡರಿಂದ ಆರು ವಾರ ಬೇಕು. ಅಷ್ಟರಲ್ಲಿ ನರಕೋಶಗಳು ನಿಧಾನವಾಗಿ ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತವೆ.

ಬಹಳ ಜನ ಎಡವುವುದು ಇಲ್ಲಿಯೇ. ಹೊಟ್ಟೆ ತೊಳಸುವಿಕೆ, ಬಾಯಿ ಒಣಗುವುದು ಮುಂತಾದ ಅಡ್ಡಪರಿಣಾಮಗಳು ಮೊದಲ ವಾರವೇ ಬರುತ್ತವೆ. ಗುಣ ಮಾತ್ರ ಆಮೇಲೆ ಬರುತ್ತದೆ. 'ಇದು ನನಗೆ ಆಗಿಬರಲಿಲ್ಲ' ಎಂದು ಕೆಲವರು ಹತ್ತೇ ದಿನಕ್ಕೆ ಬಿಡುತ್ತಾರೆ. ಇನ್ನು ಕೆಲವರು ಚೇತರಿಸಿಕೊಂಡ ಕೂಡಲೇ 'ಅಭ್ಯಾಸವಾದೀತು' ಎಂದು ಹೆದರಿ ನಿಲ್ಲಿಸುತ್ತಾರೆ. ಹೆಂಡದಂತೆ ಚಟ ಹಿಡಿಸುವ ಮಾತ್ರೆಗಳಲ್ಲ ಇವು. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಚಡಪಡಿಕೆ ಕಾಡಬಹುದು, ಕಾಯಿಲೆ ಮರುಕಳಿಸಲೂಬಹುದು. ಹದಿಹರೆಯದವರು, 25ರೊಳಗಿನವರು ಮಾತ್ರೆ ಆರಂಭಿಸಿದಾಗ ಮೊದಲ ಕೆಲವು ವಾರ ಮನೆಯವರು ಕಣ್ಣಿಟ್ಟಿರಬೇಕು. ಹಿಂದೆಂದಾದರೂ ಅತಿ ಉತ್ಸಾಹದ, ನಿದ್ರೆಯೇ ಬೇಡವೆನಿಸಿದ ದಿನಗಳಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ಆಗ ಚಿಕಿತ್ಸೆಯ ದಾರಿಯೇ ಬೇರೆಯಾಗಬಹುದು.

ನಡಿಗೆಯ ಬಲ

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 50 ದಾಟಿದ 156 ಮಂದಿ ಖಿನ್ನತೆಯ ರೋಗಿಗಳಲ್ಲಿ ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದಕ್ಕೆ ಮಾತ್ರೆ, ಮೂರನೆಯದಕ್ಕೆ ಎರಡೂ. 16 ವಾರಗಳ ನಂತರ ಮೂರೂ ಗುಂಪುಗಳ ಚೇತರಿಕೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಆರಂಭದ ವಾರಗಳಲ್ಲಿ ಮಾತ್ರೆಯ ಗುಣ ಬೇಗ ಕಂಡಿತ್ತು. ಹಾಗೆಂದು ಮಾತ್ರೆ ಬಿಟ್ಟು ನಡೆಯಲು ಹೊರಡುವುದು ಜಾಣತನವಲ್ಲ. ಕಾಯಿಲೆ ತೀವ್ರವಾಗಿರುವವರಿಗೆ ಹಾಸಿಗೆಯಿಂದ ಏಳುವುದೇ ಬೆಟ್ಟ ಹತ್ತಿದಂತೆ. ಮಾತ್ರೆಯಿಂದ ಸ್ವಲ್ಪ ಚೇತನ ಬಂದ ಮೇಲೆ ನಡಿಗೆ ಸಾಧ್ಯವಾಗುತ್ತದೆ. ನಡಿಗೆ ಆ ಚೇತನವನ್ನು ಕಾಪಾಡುತ್ತದೆ.

'ಮನಸ್ಸಾದಾಗ ಮಾಡೋಣ' ಎಂದು ಕಾಯುವುದು ಖಿನ್ನತೆಯಲ್ಲಿ ಫಲಿಸದು. ಕೆಲಸ ಮೊದಲು, ಮನಸ್ಸು ಆಮೇಲೆ. ಮೊದಲ ದಿನ ಬಾಗಿಲವರೆಗೆ, ಮರುದಿನ ಬೀದಿಯ ಕೊನೆಯವರೆಗೆ ನಡೆದರೂ ಸಾಕು. ರಾತ್ರಿ ನಿದ್ರೆ ಬಂದಿರಲಿ, ಬಾರದಿರಲಿ, ಬೆಳಿಗ್ಗೆ ನಿಗದಿತ ಹೊತ್ತಿಗೆ ಎದ್ದು ಬೆಳಕಿಗೆ ಬರಬೇಕು. ದೇಹದ ಗಡಿಯಾರ ಸರಿಹೋಗಲು ಬೆಳಗಿನ ಬೆಳಕು ನೆರವಾಗುತ್ತದೆ. ಹೊತ್ತಿಗೆ ಸರಿಯಾಗಿ ಒಂದು ತುತ್ತಾದರೂ ಊಟ ಇರಲಿ. ಮದ್ಯ ಮಾತ್ರ ಬೇಡವೇ ಬೇಡ; ಕುಡಿದ ಗಳಿಗೆ ಹಗುರೆನಿಸಿದರೂ ಅದು ನಿದ್ರೆಯನ್ನೂ ಮನಸ್ಸನ್ನೂ ಇನ್ನಷ್ಟು ಕೆಡಿಸುತ್ತದೆ. ತರಬೇತಿ ಪಡೆದವರ ಆಪ್ತಸಮಾಲೋಚನೆಯೂ ಚಿಕಿತ್ಸೆಯ ಒಂದು ಭಾಗವೇ.

ಮನೆಯವರು 'ಧೈರ್ಯ ತಂದುಕೋ', 'ನಿನಗೇನು ಕಡಿಮೆಯಾಗಿದೆ?' ಎನ್ನದಿರುವುದು ಒಳ್ಳೆಯದು. ಇದು ಧೈರ್ಯದ ಪ್ರಶ್ನೆಯಲ್ಲ. ಬದಲಿಗೆ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ನಡೆಯಲು ಹೊರಡಬಹುದು. ಮಾತ್ರೆಯ ಹೊತ್ತು ನೆನಪಿಸಬಹುದು. 'ಸಾಯಬೇಕು ಅನಿಸುತ್ತಿದೆಯೇ?' ಎಂದು ನೇರವಾಗಿ ಕೇಳಲೂ ಅಂಜಬೇಕಿಲ್ಲ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟದು. ಒಳಗಿದ್ದರೆ ಹೊರಬರಲು ದಾರಿಯಾಗುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ಕೀಟನಾಶಕ, ಮಾತ್ರೆಗಳನ್ನು ಕೈಗೆ ಸಿಗದಂತೆ ಇಟ್ಟು, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಆಸ್ಪತ್ರೆಯ ಮೆಟ್ಟಿಲು ಹತ್ತಲು ಸಂಕೋಚವೆನಿಸುವವರು ಈ ಐದು ಅಂಕಿಗಳಿಂದಲೇ ಚಿಕಿತ್ಸೆಯತ್ತ ಮೊದಲ ಹೆಜ್ಜೆ ಇಡಬಹುದು.