ಕಸವೂ ಸೊನ್ನೆಯಂತೆ ಕಂಡಾಗ: ಕನ್‌ಸ್ಟ್ರಕ್ಟರ್ ಪಾಠದ ಅನುಭವ

ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಸಿ ಪ್ಲಸ್ ಪ್ಲಸ್ ಭಾಷೆಯ ಕನ್‌ಸ್ಟ್ರಕ್ಟರ್ ಘಟಕವನ್ನು ಎರಡು ಅವಧಿಗಳಲ್ಲಿ ಕಲಿಸುವುದು ನನ್ನ ಪಾಲಿಗೆ ಬಂದಿತ್ತು. ಪಾಠಯೋಜನೆಯಲ್ಲಿ ಪ್ರೇರಣೆಗೆಂದು ಹಾಲಿನ ಡೇರಿಯ ಲೆಕ್ಕವನ್ನು ಆರಿಸಿಕೊಂಡೆ. ‘ಸದಸ್ಯ’ ಎಂಬ ಕ್ಲಾಸ್. ಅದರೊಳಗೆ ಸದಸ್ಯ ಸಂಖ್ಯೆ ಮತ್ತು ಒಟ್ಟು ಲೀಟರ್, ಎರಡೂ ಇಂಟ್. ‘ಹಾಲು ಹಾಕು’ ಫಂಕ್ಷನ್ ಕರೆದಾಗಲೆಲ್ಲ ಕೊಟ್ಟ ಲೀಟರ್ ಒಟ್ಟಿಗೆ ಸೇರುತ್ತದೆ. ಒಟ್ಟಿಗೆ ಆರಂಭದ ಬೆಲೆಯನ್ನು ಬೇಕೆಂದೇ ಕೊಟ್ಟಿರಲಿಲ್ಲ.

“ಈಗ 5 ಲೀಟರ್ ಹಾಕುತ್ತೇನೆ, ಏನೇನೋ ಸಂಖ್ಯೆ ಬರುತ್ತದೆ ನೋಡಿ” ಎಂದು ಪ್ರೋಗ್ರಾಂ ಓಡಿಸಿದೆ. ಪರದೆಯ ಮೇಲೆ 5 ಎಂದೇ ಬಂತು. ತರಗತಿ ನಕ್ಕಿತು. “ಸರ್, ಸರಿಯಾಗೇ ಇದೆಯಲ್ಲ, ಮತ್ತೆ ಕನ್‌ಸ್ಟ್ರಕ್ಟರ್ ಯಾಕೆ?” ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ಉತ್ತರ ಹೊಳೆಯದೆ ವ್ಯಾಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆಯತೊಡಗಿದೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಅದನ್ನೇ ಗುರುತು ಮಾಡಿದ್ದರು.

ಸಂಜೆ ಕುಳಿತು ನೋಡಿದಾಗ ಕಾರಣ ತಿಳಿಯಿತು. ಆಬ್ಜೆಕ್ಟನ್ನು ನಾನು ಮೇನ್ ಫಂಕ್ಷನ್ನಿನ ಹೊರಗೆ, ಗ್ಲೋಬಲ್ ಆಗಿ ಘೋಷಿಸಿದ್ದೆ. ಗ್ಲೋಬಲ್ ಆದವುಗಳಿಗೆ ಮೊದಲೇ ಸೊನ್ನೆ ತುಂಬಬೇಕೆಂಬುದು ಭಾಷೆಯ ನಿಯಮ. ಅದೇ ಸಾಲನ್ನು ಮೇನ್ ಒಳಗೆ ಇಟ್ಟರೆ ಆ ಭರವಸೆ ಇಲ್ಲ. ಒಳಗಿಟ್ಟು ಓಡಿಸಿದೆ: ಪ್ರಯೋಗಾಲಯದ ಒಂದು ಯಂತ್ರದಲ್ಲಿ ಉದ್ದನೆಯ ಸಂಖ್ಯೆ, ಇನ್ನೊಂದರಲ್ಲಿ ಮತ್ತೆ 5! ಅಂದರೆ ನಾನು ಹೇಳಿದ ಮಾತೇ ತಪ್ಪು. ‘ಕಸದ ಬೆಲೆ ಬರುತ್ತದೆ’ ಎಂದಲ್ಲ, ‘ಏನು ಬರುತ್ತದೆಂದು ಯಾರೂ ಮಾತು ಕೊಟ್ಟಿಲ್ಲ’ ಎನ್ನಬೇಕಿತ್ತು. ಕಸ ಎಂದೊಡನೆ ಮಕ್ಕಳು ನೋಡಿದರೆ ಗೊತ್ತಾಗುವ ಕಸವನ್ನು ನಿರೀಕ್ಷಿಸುತ್ತಾರೆ. ಸರಿಯಾದ ಉತ್ತರದ ವೇಷದಲ್ಲಿ ಬರುವ ಕಸವೇ ಹೆಚ್ಚು ಅಪಾಯಕಾರಿ. ಪರೀಕ್ಷಿಸಿ ನೋಡಿದಾಗ ಸಿಕ್ಕಿಬೀಳುವುದಿಲ್ಲ.

ಮರುದಿನ ತರಗತಿಗೆ ಹೋದಾಗ ಹಿಂದಿನ ಅವಧಿಯ ಗಣಿತ ಹಲಗೆಯ ಮೇಲೆ ಹಾಗೇ ಇತ್ತು. ಒರೆಸಲಿಲ್ಲ. “ನಿನ್ನೆ ಹಲಗೆ ಖಾಲಿ ಇತ್ತು, ಇಂದು ಇಲ್ಲ. ನಾಳೆ?” ಎಂದೆ. “ಹೇಳಕ್ಕಾಗಲ್ಲ ಸರ್” ಎಂದರು. ಮೆಮೊರಿಯೂ ಹಾಗೆಯೇ, ಹಿಂದೆ ಬಳಸಿದವರು ಬಿಟ್ಟದ್ದು ಉಳಿದಿರಬಹುದು. ಎರಡು ಯಂತ್ರಗಳ ಫಲಿತಾಂಶ ತೋರಿಸಿದ ಮೇಲೆ ಹಿಂದಿನ ಬೆಂಚು ಒಪ್ಪಿತು.

ಆದರೂ ಒಬ್ಬಳು ಬಿಡಲಿಲ್ಲ: “‘ಆರಂಭಿಸು’ ಅಂತ ಒಂದು ಫಂಕ್ಷನ್ ಬರೆದರೆ ಸಾಲದಾ?” ಸಾಲುತ್ತದೆ, ಪ್ರತಿ ಸಲವೂ ಕರೆಯಲು ನೆನಪಿದ್ದರೆ. ಕನ್‌ಸ್ಟ್ರಕ್ಟರನ್ನು ಯಾರೂ ನೆನಪಿಟ್ಟು ಕರೆಯಬೇಕಿಲ್ಲ. ಆಬ್ಜೆಕ್ಟ್ ಹುಟ್ಟುವಾಗ ಅದು ತಾನಾಗಿ ನಡೆಯುತ್ತದೆ. ಕ್ಲಾಸಿನ ಹೆಸರೇ ಅದರ ಹೆಸರು, ರಿಟರ್ನ್ ಟೈಪ್ ಇಲ್ಲ, ವಾಯ್ಡ್ ಕೂಡ ಬರೆಯುವಂತಿಲ್ಲ. ಇವನ್ನು ಮಕ್ಕಳು ಬೇಗ ಹಿಡಿದರು.

ಹೆಚ್ಚು ಹೊತ್ತು ತೆಗೆದುಕೊಂಡದ್ದು ಬೇರೆ ವಿಷಯ. ಎಲ್ಲಕ್ಕೂ ಸೊನ್ನೆ ತುಂಬಿದರೆ ಮುಗಿಯಿತೇ? ಒಟ್ಟಿಗೆ ಸೊನ್ನೆ ಸರಿ, ಇನ್ನೂ ಹಾಲು ಹಾಕಿಲ್ಲ. ಸದಸ್ಯ ಸಂಖ್ಯೆಗೆ ಸೊನ್ನೆ ಎಂದರೆ ಸುಳ್ಳು, ನಮ್ಮ ಡೇರಿಯಲ್ಲಿ ಅಂಥ ಸದಸ್ಯನೇ ಇಲ್ಲ. ಆದ್ದರಿಂದ ಸಂಖ್ಯೆಯನ್ನು ಕೇಳಿ ಪಡೆಯುವ ಪ್ಯಾರಾಮೀಟರ್ ಸಹಿತ ಕನ್‌ಸ್ಟ್ರಕ್ಟರ್ ಬೇಕು. ಅದೊಂದನ್ನೇ ಬರೆದರೆ ಕಂಪೈಲರ್ ತನ್ನ ಡೀಫಾಲ್ಟ್ ಕನ್‌ಸ್ಟ್ರಕ್ಟರನ್ನು ಕೊಡುವುದಿಲ್ಲ; ಸಂಖ್ಯೆ ಕೊಡದೆ ಆಬ್ಜೆಕ್ಟ್ ಮಾಡಹೊರಟರೆ ಎರರ್. “ಎರರ್ ಬಂತು ಸರ್” ಎಂದು ಮಕ್ಕಳು ಬೇಸರಪಟ್ಟರು. ಇಂಥ ಎರರ್ ಬರಲೆಂದೇ ಇಷ್ಟೆಲ್ಲ ಮಾಡಿದ್ದು ಎಂದು ಅವರನ್ನು ಒಪ್ಪಿಸಲು ಹತ್ತು ನಿಮಿಷ ಹಿಡಿಯಿತು.

ಮೌಲ್ಯಮಾಪನದಲ್ಲಿ ನಾಲ್ಕು ಪುಸ್ತಕಗಳಲ್ಲಿ ಒಂದೇ ತಪ್ಪು: ಕನ್‌ಸ್ಟ್ರಕ್ಟರ್ ಒಳಗೆ ‘ಇಂಟ್ ಒಟ್ಟು = 0’ ಎಂದು ಬರೆದಿದ್ದರು. ಇದರಲ್ಲಿ ಎರರ್ ಬರುವುದಿಲ್ಲ. ಮುಂದೆ ‘ಇಂಟ್’ ಸೇರಿದ್ದರಿಂದ ಅದೇ ಹೆಸರಿನ ಹೊಸ ಲೋಕಲ್ ವೇರಿಯೇಬಲ್ ಹುಟ್ಟಿ, ಸೊನ್ನೆ ಪಡೆದು, ಆವರಣ ಮುಗಿದೊಡನೆ ಹೋಗುತ್ತದೆ. ಆಬ್ಜೆಕ್ಟಿನ ‘ಒಟ್ಟು’ ಮೊದಲಿದ್ದಂತೆಯೇ ಉಳಿಯುತ್ತದೆ. ಪುನರ್ಬೋಧನೆಯಲ್ಲಿ, ಕೋಲನ್ ಹಾಕಿ ಕನ್‌ಸ್ಟ್ರಕ್ಟರ್ ತಲೆಸಾಲಿನಲ್ಲೇ ಬೆಲೆ ಕೊಡುವ ಇನಿಶಿಯಲೈಸರ್ ಲಿಸ್ಟ್ ಕಲಿಸಿದೆ. ಅಲ್ಲಿ ಟೈಪ್ ಬರೆಯಲು ಜಾಗವೇ ಇಲ್ಲದ್ದರಿಂದ ಈ ತಪ್ಪಿಗೆ ಎಡೆಯಿಲ್ಲ. ಪಾಠಯೋಜನೆಯಲ್ಲಿ ಅದನ್ನು ಮೊದಲ ಅವಧಿಗೇ ತಂದಿದ್ದೇನೆ, ಗ್ಲೋಬಲ್ ಆಬ್ಜೆಕ್ಟನ್ನು ತೆಗೆದುಹಾಕಿದ್ದೇನೆ.