ಒಣ ಸೀಮೆಯ ಮೋಟಾರು ಸೈಕಲ್ಲಿಗೆ ತುಕ್ಕು ಎಲ್ಲಿಂದ?

ಜಗಳೂರು ಬರದ ಸೀಮೆ. ಇಲ್ಲಿ ಬೈಕಿಗೆ ತುಕ್ಕಿನ ಭಯವೇನು ಎಂದು ನಾವೂ ಬಹುಕಾಲ ನಂಬಿದ್ದೆವು. ಹೋದ ವರ್ಷ ತೋಟದ ಇಳಿಜಾರಿನಲ್ಲಿ ಹಿಂಬದಿಯ ಬ್ರೇಕಿನ ಕಡ್ಡಿ ತುಂಡಾಗಿ, ಬೇಲಿಗೆ ನುಗ್ಗಿ ನಿಂತ ದಿನ ಆ ನಂಬಿಕೆ ಹೋಯಿತು. ಪೆನ್ಸಿಲಿನಷ್ಟು ದಪ್ಪವಿದ್ದ ಕಡ್ಡಿ ಚಕ್ರದ ಕಡೆಯ ತುದಿಯಲ್ಲಿ ಸವೆದು ಮೊಳೆಯಷ್ಟಾಗಿತ್ತು. ಕೆಸರು, ಎಣ್ಣೆ ಮೆತ್ತಿದ್ದರಿಂದ ಹೊರಗೆ ಏನೂ ಕಂಡಿರಲಿಲ್ಲ.

ತಪ್ಪು ಮಳೆಯದಲ್ಲ, ನಾವು ಹೇರುವ ಹೊರೆಯದು. ಅಡಿಕೆ ಮರಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸಿನಂತೆ ಎಕರೆಗೆ 550 ಮರ ಹಿಡಿದರೆ, 50 ಕೆ.ಜಿ.ಯ ಎರಡೂವರೆ ಚೀಲ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬೇಕು. ನಮ್ಮಲ್ಲಿ ಬಹುಪಾಲು ಬೈಕಿನ ಹಿಂದೆ ಕಟ್ಟಿಯೇ ಅದು ತೋಟ ಸೇರುತ್ತದೆ. ಈ ಗೊಬ್ಬರ ಅಡಿಗೆ ಉಪ್ಪಿನ ಒಡಹುಟ್ಟು. ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕ್ಲೋರೈಡ್. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು, ಗಾಳಿ ಎರಡೂ ಬೇಕು. ಆ ನೀರಿಗೆ ಉಪ್ಪು ಸೇರಿದರೆ ಅದರಲ್ಲಿ ವಿದ್ಯುತ್ ಸುಲಭವಾಗಿ ಹರಿದು ಕೆಲಸ ಬಹಳ ಬೇಗ ಸಾಗುತ್ತದೆ. ತುಕ್ಕಿನ ಪದರವೋ, ಸ್ಪಂಜಿನಂತೆ ತೇವ ಹಿಡಿದಿಡುತ್ತದೆ. ಹರಿದ ಚೀಲದಿಂದ ಉದುರಿದ ಒಂದು ಹಿಡಿ ಗೊಬ್ಬರ, ರಾತ್ರಿ ಮೇಲೆ ಹೊದಿಸಿದ ಹಸಿ ಗೋಣಿ ತಾಟು, ಇಷ್ಟಾದರೆ ಮಳೆಯೇ ಬೇಕಿಲ್ಲ.

ಚನ್ನಗಿರಿ, ನ್ಯಾಮತಿ ಕಡೆಯ ಸದಸ್ಯರದು ಬೇರೆ ಕಥೆ. ಅಲ್ಲಿ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವವರು ಮೈಲುತುತ್ತವನ್ನು ಬೈಕಿನಲ್ಲೇ ಒಯ್ಯುತ್ತಾರೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬ ಹದ ಎಲ್ಲರಿಗೂ ಗೊತ್ತು. ಸುಣ್ಣ ಸಾಕಾಯಿತೇ ಎಂದು ನೋಡಲು ಚಾಕು ಅದ್ದುತ್ತೇವಲ್ಲ, ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎನ್ನುತ್ತೇವಲ್ಲ, ಆಗ ನಡೆಯುವುದೇನು? ತಾಮ್ರ ಕೂತಷ್ಟಕ್ಕೂ ಬದಲಾಗಿ ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತದೆ. ಮೈಲುತುತ್ತದ ನೀರು ಸೋರಿದರೆ ಕ್ಯಾರಿಯರಿನಲ್ಲೂ ಇದೇ ಆಗುತ್ತದೆ. ಅಲ್ಯೂಮಿನಿಯಂ ಭಾಗಗಳಿಗೂ ಬಿಡುಗಡೆಯಿಲ್ಲ. ಅಲ್ಲಿ ಗುಳಿ ಬೀಳುತ್ತವೆ. ಆದ್ದರಿಂದ ಮೈಲುತುತ್ತವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲೇ ಒಯ್ಯಬೇಕು.

ಹೊರೆ ಇಳಿಸಿದ ದಿನವೇ, ಎಂಜಿನ್ ಆರಿದ ಮೇಲೆ, ಕ್ಯಾರಿಯರ್, ಮಡ್‌ಗಾರ್ಡಿನ ಒಳಮೈ, ಬ್ರೇಕ್ ಕಡ್ಡಿ, ಸ್ಟ್ಯಾಂಡಿನ ಸ್ಪ್ರಿಂಗು ಇವುಗಳಿಗೆ ಧಾರಾಳವಾಗಿ ನೀರು ಹಾಕಿ. ನಮ್ಮ ಬೋರಿನ ನೀರು ಗಡಸು. ಹಾಗೇ ಆರಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಬಟ್ಟೆಯಿಂದ ಒರೆಸಲೇಬೇಕು. ಚೈನನ್ನು ಸೀಮೆಎಣ್ಣೆ ಬ್ರಷ್ಷಿನಿಂದ ತೊಳೆದು, ಒಣಗಿಸಿ, 90 ನಂಬರಿನ ಗೇರ್ ಆಯಿಲ್ ಹಚ್ಚುವುದು ಒಳ್ಳೆಯದು. ಒದ್ದೆಯ ಮೇಲೆ ಎಣ್ಣೆ ಬಳಿದರೆ ನೀರನ್ನು ಒಳಗೆ ಕೂಡಿಹಾಕಿದಂತೆ. ಎಣ್ಣೆ ಬ್ರೇಕಿಗೆ ತಾಗದಿರಲಿ. ಬ್ಯಾಟರಿಯ ತುದಿಗಳಿಗೆ ಒಂದಿಷ್ಟು ವ್ಯಾಸಲೀನ್ ಸಾಕು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿನ ಯೆಜ್ದಿ ಇನ್ನೂ ಇಟ್ಟುಕೊಂಡಿರುವವರಿಗೆ ಒಂದು ಮಾತು. ಕ್ರೋಮ್ ಲೇಪ ಒಮ್ಮೆ ಬಿರಿದರೆ ಅಡಿಯ ಕಬ್ಬಿಣವನ್ನು ಕಾಯುವುದಿಲ್ಲ. ಸತುವಿನ ಲೇಪ ಗೀರಿದರೂ ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಹೊಸ ಬೋಲ್ಟು ಕೊಳ್ಳುವಾಗ ಥಳುಕಿಗೆ ಮರುಳಾಗಬೇಡಿ.

ಆರು ತಿಂಗಳಿಗೊಮ್ಮೆ ಬ್ರೇಕ್ ಕಡ್ಡಿಯ ನಟ್ಟು ಬಿಚ್ಚಿ, ಮರೆಯ ಪುರಿಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿ. ಸವೆದಿದ್ದರೆ ಬಣ್ಣ ಬಳಿಯದೆ ಕಡ್ಡಿಯನ್ನೇ ಬದಲಿಸಿ. ಗೋದಾಮಿನಲ್ಲಿ ಹರಿದ ಚೀಲ ಕೊಟ್ಟರೆ ತೆಗೆದುಕೊಳ್ಳಬೇಡಿ. ಬದಲಿಸಿ ಕೊಡುವಂತೆ ಗೋದಾಮಿನವರಿಗೆ ತಿಳಿಸಿದ್ದೇವೆ.