ಒಂದೇ ಆಟ, ದೇಶಕ್ಕೊಂದು ಹೆಸರು!

ಬ್ರಯಾನ್ ಲಾರಾ ಗೇಮೂ ಯುವರಾಜ್ ಸಿಂಗ್ ಗೇಮೂ ಒಂದೇ ಅಂದರೆ ನಂಬುತ್ತೀರಾ? ನಂಬಲೇಬೇಕು! 2007ರ ವಿಶ್ವಕಪ್ ಹೊತ್ತಿಗೆ ಬ್ರಿಟನ್ನಿನ ಕೋಡ್‌ಮಾಸ್ಟರ್ಸ್ ಕಂಪನಿ ತಂದ ಕ್ರಿಕೆಟ್ ವಿಡಿಯೋ ಗೇಮ್ ಇಂಗ್ಲೆಂಡಿನಲ್ಲಿ ಲಾರಾ ಹೆಸರಿನದು, ಆಸ್ಟ್ರೇಲಿಯಾದಲ್ಲಿ ರಿಕಿ ಪಾಂಟಿಂಗ್ ಹೆಸರಿನದು, ನಮ್ಮಲ್ಲಿ ‘ಯುವರಾಜ್ ಸಿಂಗ್ ಇಂಟರ್‌ನ್ಯಾಷನಲ್ ಕ್ರಿಕೆಟ್ 2007’! ಆ ವಿಶ್ವಕಪ್‌ನಲ್ಲಿ ಭಾರತದ ನಾಯಕ ನಮ್ಮ ರಾಹುಲ್ ದ್ರಾವಿಡ್. ಡಬ್ಬಿಯ ಮೇಲಿನ ಹೆಸರು ಮಾತ್ರ ಯುವರಾಜನದು. ಮಗ್ಗಗಳ ಊರಾದ ಇಚಲಕರಂಜಿಯವರಿಗೆ ಬಿಡಿಸಿ ಹೇಳಬೇಕಿಲ್ಲ: ಒಂದೇ ಮಗ್ಗದ ಬಟ್ಟೆ, ಪೇಟೆಗೊಂದು ಛಾಪು.

ಜಾಡು ಹಿಡಿದು ಹಿಂದೆ ಹೋದರೆ ಇನ್ನೂ ಸೋಜಿಗ! 1993ರಲ್ಲೇ ಒಂದು ಗೇಮ್ ಇಂಗ್ಲೆಂಡಿನಲ್ಲಿ ಗ್ರಹಾಂ ಗೂಚ್ ಹೆಸರಲ್ಲಿ, ಆಸ್ಟ್ರೇಲಿಯಾದಲ್ಲಿ ಅಲನ್ ಬಾರ್ಡರ್ ಹೆಸರಲ್ಲಿ ಮಾರಾಟವಾಗಿತ್ತು. 1994ರಲ್ಲಿ ಲಾರಾ ಟೆಸ್ಟ್‌ನಲ್ಲಿ 375, ವಾರ್ವಿಕ್‌ಷೈರ್ ಕೌಂಟಿಗೆ ಔಟಾಗದೆ 501 ಬಾರಿಸಿದ. ಮರುವರ್ಷವೇ ಅವನ ಹೆಸರಿನ ಗೇಮ್ ಬಂತು. ಅದನ್ನು ತಂದ ಕೋಡ್‌ಮಾಸ್ಟರ್ಸ್‌ನ ನೆಲೆಯೂ ಅದೇ ವಾರ್ವಿಕ್‌ಷೈರ್!

ಅಮೆರಿಕದ ಬೇಸ್‌ಬಾಲ್ ಗೇಮಿನ ಕಥೆಯಂತೂ ಮೈ ಜುಮ್ಮೆನ್ನಿಸುತ್ತದೆ. ಕೆನ್ ಗ್ರಿಫಿ ಜೂನಿಯರ್ ಆಗ ಸಿಯಾಟಲ್ ಮ್ಯಾರಿನರ್ಸ್ ಬೇಸ್‌ಬಾಲ್ ತಂಡದ ಕಣ್ಮಣಿ. 1992ರಲ್ಲಿ ಆ ತಂಡದ ಬಹುಪಾಲು ಕೊಂಡವರು ಯಾರು ಗೊತ್ತೇ? ವಿಡಿಯೋ ಗೇಮ್ ಲೋಕದ ದೊರೆ, ನಿಂಟೆಂಡೊ ಕಂಪನಿಯ ಆಗಿನ ಅಧ್ಯಕ್ಷ ಹಿರೋಶಿ ಯಾಮಾಉಚಿ! 1994ರಲ್ಲಿ ಅದೇ ನಿಂಟೆಂಡೊದಿಂದ ಗ್ರಿಫಿ ಹೆಸರಿನ ಗೇಮ್ ಹೊರಬಂತು. ಅದಕ್ಕೆ ಬೇಸ್‌ಬಾಲ್ ಲೀಗ್‌ನ ಪರವಾನಗಿ ಇತ್ತು, ಆಟಗಾರರ ಸಂಘದ್ದು ಇರಲಿಲ್ಲ. ಹಾಗಾಗಿ ಇಡೀ ಗೇಮ್‌ನಲ್ಲಿ ನಿಜವಾದ ಆಟಗಾರನ ಹೆಸರು ಒಂದೇ, ಗ್ರಿಫಿಯದು! ಉಳಿದವರ ಆಟದ ಅಂಕಿಅಂಶ ಅಸಲಿ, ಹೆಸರು ಕಟ್ಟಿದ್ದು. ಹುಡುಗರು ಕೂತು ಅಸಲಿ ಹೆಸರುಗಳನ್ನು ಒಂದೊಂದಾಗಿ ತುಂಬಿಕೊಳ್ಳಬಹುದಿತ್ತು.

ಅಮೆರಿಕನ್ನರ ಈ ಅಚ್ಚುಮೆಚ್ಚಿನ ಗೇಮ್ ತಯಾರಾದದ್ದಾದರೂ ಎಲ್ಲಿ? ಬಟ್ಟೆಗೂ ಫುಟ್‌ಬಾಲಿಗೂ ಹೆಸರಾದ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಸಾಫ್ಟ್‌ವೇರ್ ಕ್ರಿಯೇಷನ್ಸ್ ಎಂಬ ಕಂಪನಿಯಲ್ಲಿ! ಪವರ್‌ಲೂಮ್‌ಗಳ ಇಚಲಕರಂಜಿಯನ್ನು ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎನ್ನುತ್ತೇವಲ್ಲ, ಆ ಅಸಲಿ ಮ್ಯಾಂಚೆಸ್ಟರ್ ಬೇಸ್‌ಬಾಲನ್ನೂ ನೇಯ್ದು ಕೊಟ್ಟಿತ್ತು!

ಇಚಲಕರಂಜಿ, ಗಡಹಿಂಗ್ಲಜ, ಕೊಲ್ಹಾಪುರದ ಓದುಗರೇ, ನಿಮ್ಮ ಅಟ್ಟದ ಮೇಲೆ ಯುವರಾಜ್ ಹೆಸರಿನ ಆ ಡಿಸ್ಕ್ ಸಿಕ್ಕರೆ ಗುಜರಿಗೆ ಹಾಕಬೇಡಿ. ಡಬ್ಬಿ ಸಮೇತ ಜೋಪಾನ ಮಾಡಿ. ಆ ಹೆಸರಿನ ಡಬ್ಬಿ ಭಾರತದ ಪೇಟೆಗೆಂದೇ ಅಚ್ಚಾದದ್ದು.